ಮೂರನೆಯ ಅಂಕದಲ್ಲಿ ಸತ್ತವನ ತೀರ್ಪು

ನಮ್ಮ ತಾತನ ಜೊತೆ ಕೂತು ಪೂರ್ತಿ ಸಿನಿಮಾ ನೋಡಿದವರು ಯಾರೂ ಇಲ್ಲ. ಅರ್ಧ ಸಿನಿಮಾ, ಅರ್ಧ ತಾತ. ಅದರಲ್ಲೂ ಒಂದು ಹಳೆಯ ನಾಟಕದಿಂದ ಮಾಡಿದ ಎರಡು ಸಿನಿಮಾಗಳ ಮಾತು ಬಂತೆಂದರೆ ಮಾನ್ವಿಯ ಅವರ ಮನೆಯಲ್ಲಿ ಟಿವಿಯ ಸದ್ದು ತಗ್ಗಿಸಲೇಬೇಕು. ಪ್ರಾಯದಲ್ಲಿ, ದೇವದುರ್ಗದಲ್ಲಿದ್ದಾಗ, ಓಣಿಯ ಹುಡುಗರು ಕೂಡಿ ಆ ನಾಟಕ ಆಡಿದ್ದರಂತೆ. ತಾತನದು ಅಣ್ಣನ ಪಾರ್ಟು. ಆಮೇಲೆ ನೌಕರಿ ಸಿಕ್ಕು ಮಾನ್ವಿಗೆ ಬಂದರು. ಹೀಗಾಗಿ ಮೂಲ ಯಾವುದು, ಸಿನಿಮಾದವರು ಕೆಡಿಸಿದ್ದು ಯಾವುದು ಎಂದು ಹೇಳುವ ಅಧಿಕಾರ ಇಡೀ ಮಾನ್ವಿಯಲ್ಲಿ ಅವರೊಬ್ಬರದೇ ಆಯಿತು.

ಕಥೆ ಇಷ್ಟು. ಅಣ್ಣ ಚಾಡಿಮಾತು ನಂಬಿ ತಮ್ಮನ ಹೆಂಡತಿಯನ್ನು ಊರೆಲ್ಲ ನೋಡುವಂತೆ ಮನೆಯಿಂದ ಹೊರಗೆ ಹಾಕುತ್ತಾನೆ. ತಮ್ಮ ತುಟಿ ಬಿಚ್ಚುವುದಿಲ್ಲ. ಮೂರನೆಯ ಅಂಕದಲ್ಲಿ ಅಣ್ಣನಿಗೆ ಸತ್ಯ ತಿಳಿದು, ಒಂದು ಉದ್ದನೆಯ ಹಾಡು ಹಾಡಿ ಸಾಯುತ್ತಾನೆ. ನಾಲ್ಕನೆಯ ಅಂಕದಲ್ಲಿ ತಮ್ಮ ಹೆಂಡತಿಯನ್ನು ಕರೆಯಲು ಹೋಗುತ್ತಾನೆ.

ಕಪ್ಪು-ಬಿಳುಪು ಸಿನಿಮಾದಲ್ಲಿ ಆಕೆ ಓಡಿಬಂದು ಗಂಡನ ಕಾಲಿಗೆ ಬೀಳುತ್ತಾಳೆ. ತಪ್ಪು ಮಾಡಿದವರು ಅವರು, ಕ್ಷಮೆ ಕೇಳುವವಳು ಇವಳು. ನಮ್ಮ ಸೀಮೆಯ ಕೂಲಿ ಮನೆಯ ಹೆಣ್ಣುಮಗಳು ಜರಿಯಂಚಿನ ಸೀರೆಯುಟ್ಟು ಮೈಸೂರಿನ ಕನ್ನಡದಲ್ಲಿ ಅಳುತ್ತಾಳೆ. ಈಚಿನ ಬಣ್ಣದ ಸಿನಿಮಾದಲ್ಲಿ ಆಕೆ ಒಂದೂ ಮಾತಾಡದೆ ಬಾಗಿಲು ಹಾಕಿಕೊಳ್ಳುತ್ತಾಳೆ. ಒಳಗಿನಿಂದ ಹೊಲಿಗೆ ಮಷಿನ್ನಿನ ಸದ್ದು. ಇಲ್ಲಿ ಭಾಷೆ ನಮ್ಮದೇ ಅನ್ನುತ್ತಾರೆ, ಆದರೆ ಪ್ರತಿ ಮಾತಿನ ಬಾಲಕ್ಕೂ ಒಂದು 'ರೀ' ಅಂಟಿಸಿದ್ದಾರೆ. ಆಕೆ ಆಡುಮರಿಗೂ ರೀ ಅನ್ನುತ್ತಾಳೆ. ಇಡೀ ಊರು ಧೂಳಾದರೂ ಆಕೆಯ ಕೂದಲಿನಲ್ಲಿ ಮಾತ್ರ ಧೂಳಿಗೆ ಪ್ರವೇಶವಿಲ್ಲ.

ತಾತನ ಪಕ್ಷ ಕಪ್ಪು-ಬಿಳುಪು. "ಅದು ನಾಟಕ ಇದ್ದಂಗ ತೆಗದಾರ. ಇವರು ಬಾಗಲಾ ಹಾಕಿ ಕತಿನೇ ಕೆಡಿಸ್ಯಾರ." ನನ್ನ ಪಕ್ಷ ಬಣ್ಣದ್ದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು. ಎದುರಿಗಿರುವವರು ಸ್ವಂತ ತಾತ ಎಂಬುದು ನನ್ನ ದೃಷ್ಟಿಯಲ್ಲಿ ವಿನಾಯಿತಿಗೆ ಕಾರಣವಾಗುವುದಿಲ್ಲ.

ರಾಯಚೂರಿನಲ್ಲಿ ನಾವೊಂದಿಷ್ಟು ಗೆಳೆಯರು ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸೇರಿ ಸಿನಿಮಾ ನೋಡಿ ಜಗಳಾಡುತ್ತೇವೆ. ಈ ಎರಡರ ಕೊನೆಯ ಭಾಗ ತೋರಿಸುವುದು, ನಾನು ಒಂದು ಕಡೆ, ಗೆಳೆಯನೊಬ್ಬ ಇನ್ನೊಂದು ಕಡೆ ವಾದಿಸುವುದು, ತೀರ್ಪು ತಾತನದು ಎಂದು ನಿಶ್ಚಯವಾಯಿತು. ತಾತ ಹೊಸ ಪಂಚೆ ತೆಗೆಸಿಟ್ಟರು. ಮಾನ್ವಿಯಿಂದ ಹತ್ತು ಮಂದಿ ಇವರನ್ನು ನೋಡಲೆಂದೇ ಬಸ್ಸು ಹತ್ತುವವರಿದ್ದರು. ನನ್ನದೂ ಒಂದು ಜಾಣತನವಿರಲಿ ಎಂದು, ಅಂದು ತಮ್ಮನ ಪಾರ್ಟು ಮಾಡಿದವರನ್ನು ಹುಡುಕಿ ದೇವದುರ್ಗದಿಂದ ಬರಲು ಒಪ್ಪಿಸಿದೆ.

ಮೂರು ದಿನ ಮೊದಲು ಮಾನ್ವಿಗೆ ಹೋಗಿ ಈ ಸುದ್ದಿ ಹೇಳಿದರೆ ತಾತನ ಮುಖದಲ್ಲಿ ಖುಷಿ ಕಾಣಲಿಲ್ಲ.

"ಅವನ್ನ ಯಾಕ ಕರದಿ ಬೇ?"

"ಸಾಕ್ಷಿ ಬೇಕಲ್ಲ ತಾತ. ಅದಿರಲಿ, ನಾಟಕದಾಗ ಅಕಿ ಕೊನಿಗೆ ಅನ್ನೋ ಮಾತು ಯಾವುದು? ಬರಕೊಂತೀನಿ."

"ಅದ... ಕಾಲಿಗೆ ಬಿದ್ದು ಏನೋ ಅಂತಾಳ."

"ಏನೋ ಅಂದ್ರ?"

"ಅಳಾಕ ಹತ್ತಿದಾಕಿ ಏನಂತಾಳ? ಅಳ್ತಾಳ!"

ಅಜ್ಜಿ ಟ್ರಂಕಿನಿಂದ ಒಂದು ನೋಟ್‌ಬುಕ್ಕು ತಂದು ನನ್ನ ಕೈಗಿಟ್ಟರು. ಆಗೆಲ್ಲ ಇಡೀ ನಾಟಕವನ್ನು ಯಾರಿಗೂ ಕೊಡುತ್ತಿರಲಿಲ್ಲ. ಕಲಿಸುವ ಮಾಸ್ತರು ಒಬ್ಬೊಬ್ಬರಿಗೆ ಅವರವರ ಮಾತಷ್ಟೇ ಬರೆದುಕೊಡುತ್ತಿದ್ದರು. ಎದುರಿನವರ ಮಾತಿನಲ್ಲಿ ಕೊನೆಯ ಎರಡು ಪದ ಮಾತ್ರ, ಬಾಯಿ ತೆರೆಯಬೇಕಾದ ಹೊತ್ತು ತಿಳಿಯಲೆಂದು. ತಾತನ ಪುಸ್ತಕದಲ್ಲಿ ಬೈಗಳಿತ್ತು, ಹಾಡಿತ್ತು, 'ಬೀಳುವುದು' ಎಂದಿತ್ತು. ಮುಂದೆಲ್ಲ ಖಾಲಿ ಹಾಳೆ.

"ನಾಲ್ಕನೇ ಅಂಕ ಎಲ್ಲದ ತಾತ?"

"ನಂದಿಲ್ಲ. ನಾ ಸತ್ತಿರ್ತೀನಿ."

"ಸತ್ತಿದ್ರೇನು, ಪರದೆ ಹಿಂದ ನಿಂತು ನೋಡಿರಬೇಕಲ್ಲ?"

ತಾತ ಅಡಕೆ ಹೋಳನ್ನು ಬಾಯಲ್ಲಿ ಆ ಕಡೆಯಿಂದ ಈ ಕಡೆಗೆ ದಾಟಿಸಿದರು. ಮಾಸ್ತರರ ಕಟ್ಟುನಿಟ್ಟಿನ ನೇಮವೊಂದಿತ್ತಂತೆ. ಸಾಯುವ ಪಾರ್ಟು ಮಾಡಿದವನು ಮುಖ ತೊಳೆದು, ತೆಂಗಿನಕಾಯಿ ಒಡೆದು, ರಂಗದ ಕಡೆ ತಿರುಗಿ ನೋಡದೆ ನೇರ ಮನೆಗೆ ಹೋಗಬೇಕು. ಇಲ್ಲದಿದ್ದರೆ ಆಯುಷ್ಯಕ್ಕೆ ಒಳ್ಳೆಯದಲ್ಲ. ಮೂರು ಆಟವಾದವು, ಮೂರು ಸಲವೂ ಹೋಗಿದ್ದರು. ಕೊನೆಯ ಅಂಕದ ತಾಲೀಮು ನಡೆದದ್ದು ನಾಯಕಿಯ ಪಾರ್ಟಿನವರು ಹೊರಗಿನಿಂದ ಬಂದ ಮೇಲೆ, ಹಗಲಲ್ಲಿ. ತಾತ ಆಗ ಭತ್ತ ಕೊಯ್ಯುವ ಕೂಲಿಗೆ ಹೋಗಿದ್ದರು.

ಅಂದರೆ ಇಷ್ಟು ವರ್ಷ ಎರಡು ಸಿನಿಮಾಗಳ ಕೊನೆಯನ್ನು ಮೂಲದ ಜೊತೆ ತೂಗಿ ನೋಡಿದ ಈ ಮಹಾಶಯರು ಆ ಮೂಲವನ್ನೇ ನೋಡಿರಲಿಲ್ಲ! ಕಪ್ಪು-ಬಿಳುಪು ಸಿನಿಮಾ ನೋಡಿ ಬಂದು, ಓಹೋ, ನಾನು ಹೋದ ಮೇಲೆ ಹೀಗಾಗಿರಬೇಕು ಎಂದು ತಾವೇ ತೀರ್ಮಾನಿಸಿಕೊಂಡಿದ್ದರು. ನನ್ನ ಜೀವನದ ಅತಿ ಸುಲಭದ ಗೆಲುವು ನೆಲದ ಮೇಲೆ ಬಿದ್ದಿತ್ತು, ಬಗ್ಗಿ ಎತ್ತಿಕೊಂಡರಾಗಿತ್ತು. ಆದರೆ ತಾತ ನನ್ನ ಕಡೆ ನೋಡಲಿಲ್ಲ. "ಹತ್ತು ಮಂದಿ ಬರಾಕತ್ತಾರ," ಎಂದರು ಮೆಲ್ಲಗೆ. "ಅವರ ಮುಂದ ನಂದೇನು ಉಳಿತದ?"

ಅಜ್ಜಿ ಬಾಗಿಲಿಗೆ ಒರಗಿ ನಿಂತಿದ್ದರು. "ಅಕಿ ಕಾಲಿಗೂ ಬೀಳಲಿಲ್ಲ, ಬಾಗಲಾನೂ ಹಾಕಲಿಲ್ಲ," ಎಂದರು.

ನಾವಿಬ್ಬರೂ ತಿರುಗಿದೆವು. ಅಜ್ಜಿ ದೇವದುರ್ಗದವರೇ. ಮದುವೆಗೆ ಮುಂಚಿನ ಮಾತು. ಮೂರೂ ಆಟಕ್ಕೆ ಹೆಂಗಸರ ಸಾಲಿನಲ್ಲಿ ಚೀಲ ಹಾಸಿಕೊಂಡು ಕೂತಿದ್ದರಂತೆ.

"ಇಷ್ಟು ವರ್ಷ ಯಾಕ ಹೇಳಲಿಲ್ಲ?" ಎಂದರು ತಾತ.

"ನೀವು ಮಾತು ನಿಲ್ಲಿಸಿದ್ರ ಹೇಳ್ತಿದ್ದೆ."

ನಾನು ತಾತನಿಗೆ ಬಾಯಿ ಮುಚ್ಚಿಕೊಂಡಿರುತ್ತೇನೆಂದು ಮಾತು ಕೊಟ್ಟೆ. ನನ್ನಂಥವಳು ಕೊಡಬಹುದಾದ ಅತಿ ದೊಡ್ಡ ವಸ್ತು ಅದು. ಆದರೆ ದೇವದುರ್ಗದ ತಮ್ಮನ ಬಾಯಿ ನನ್ನ ಕೈಯಲ್ಲಿರಲಿಲ್ಲ.

ಭಾನುವಾರ ಎರಡೂ ಕೊನೆಗಳನ್ನು ತೋರಿಸಿದೆವು. ಗೆಳೆಯ ವಾದಿಸಿದ. ನಾನೂ ವಾದಿಸಿದೆ, ಮೂಲ ನಾಟಕದ ಹತ್ತಿರಕ್ಕೂ ಹೋಗದೆ, ಮುಳ್ಳಿನ ಮೇಲಿನ ಬಟ್ಟೆಯನ್ನು ಬಿಡಿಸುವ ಹಾಗೆ. ನನ್ನ ಅತಿ ಕೆಟ್ಟ ಭಾಷಣ. ಮೊದಲ ಸಾಲಿನಲ್ಲಿ, ಅಜ್ಜಿಯಿಂದ ಎರಡು ಕುರ್ಚಿ ಆಚೆ, ತಮ್ಮನ ಪಾರ್ಟಿನ ದೇವದುರ್ಗದ ಮುದುಕರು ಕೋಲಿಗೆ ಗದ್ದ ಊರಿ ಕೂತಿದ್ದರು.

ತಾತ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. "ಎರಡೂ ಸಿನಿಮಾದವರು ತಪ್ಪು ಮಾಡ್ಯಾರ," ಎಂದರು. ಅಜ್ಜಿಯಿಂದ ಕೇಳಿದ್ದನ್ನು ಕಣ್ಣಾರೆ ಕಂಡವರಂತೆ ಹೇಳಿಬಿಡುತ್ತಾರೆಂದು ನನಗೆ ಖಾತ್ರಿಯಾಯಿತು. ಕೋಲಿನ ಮುದುಕರು ತಲೆ ಎತ್ತಿದರು.

"ಲೇ ಅಣ್ಣಾ, ಕೊನೀದು ನೀ ಯಾವಾಗ ನೋಡಿದ್ಯೋ? ಸತ್ತು ಮನಿಗೆ ಹೋಗ್ತಿದ್ದಿ!"

ಸಭೆ ನಕ್ಕಿತು. ಮಾನ್ವಿಯ ಹತ್ತು ಮಂದಿ ನಗಲಿಲ್ಲ. ತಾತ ಮೈಕಿನ ಕಂಬ ಹಿಡಿದುಕೊಂಡರು.

"ಖರೆ. ನಾ ನೋಡಿಲ್ಲ," ಎಂದರು. "ನೋಡದನೇ ಇಷ್ಟು ವರ್ಷ ಮಾತಾಡೀನಿ. ನೋಡಿದಾಕಿ ಅಲ್ಲಿ ಕುಂತಾಳ." ಕೆಳಗಿಳಿದು, ಅಜ್ಜಿಗೆ ದಾರಿ ಬಿಟ್ಟು, ಅವರ ಕುರ್ಚಿಯಲ್ಲಿ ತಾವು ಕೂತರು.

ಅಜ್ಜಿ ಮೈಕು ಮುಟ್ಟಲಿಲ್ಲ. ಕೋಲಿನ ಮುದುಕರತ್ತ ತಿರುಗಿ, "ಅನ್ರಿ ನಿಮ್ಮ ಮಾತು," ಎಂದರು.

ಮುದುಕರು ಎದ್ದು ನಿಂತರು. ದನಿ ಒಡೆದಿತ್ತು. "ಆದದ್ದು ಆಗಿ ಹೋಯಿತು. ಮನೆಗೆ ಬಾ."

"ಮಂದಿ ಮುಂದ ಹೊರಗ ಹಾಕಿದ್ರಿ. ಮಂದೀನೇ ಕೇಳ್ತೀನಿ," ಎಂದು ಅಜ್ಜಿ ಸಭೆಯ ಹೆಂಗಸರ ಕಡೆ ತಿರುಗಿದರು. "ಯವ್ವಾ, ತಂಗಿ, ಹೇಳ್ರಿ. ಹೋಗ್ಲೇನು ಬ್ಯಾಡೇನು?" ಆಮೇಲೆ ತಮ್ಮದೇ ದನಿಯಲ್ಲಿ, "ನಾಟಕದಾಗ ಹಿಂಗ ಕೇಳ್ತಿದ್ಲು. ಮೊದಲನೇ ಆಟಕ್ಕ ಹೋದ್ಲು. ಉಳಿದ ಎರಡಕ್ಕ ಹೋಗಲಿಲ್ಲ. ಹೆಂಗಸರು ನಾವು ಒದರಿದಂಗ," ಎಂದರು.

ಕ್ಯಾಮೆರಾದ ಮುಂದೆ ಯಾರನ್ನು ಕೇಳುವುದು? ಎರಡೂ ಸಿನಿಮಾದವರು ಆ ಹೆಂಗಸರ ಪರವಾಗಿ ತಾವೇ ಉತ್ತರ ಕೊಟ್ಟುಕೊಂಡಿದ್ದರು. ಇದನ್ನು ನಾನು ವಾದವಾಗಿ ಮಂಡಿಸಬೇಕೆನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬಾಕೆ "ಹೋಗಬ್ಯಾಡ!" ಎಂದು ಕೂಗಿದಳು. "ಹೋಗಲಿ, ಆದ್ರ ಮನಿ ಅಕಿ ಹೆಸರಿಗೆ ಮಾಡಲಿ," ಎಂದರು ಇನ್ನೊಬ್ಬರು. ಅವರಿಬ್ಬರ ನಡುವೆ ಕೂತಿದ್ದವರೂ ಎದ್ದರು. ನನ್ನ ತಯಾರಿಯೆಲ್ಲ ಯಾರಿಗೂ ಬೇಡವಾಯಿತು.

ಕೊನೆಯ ಅಂಕವನ್ನು ಮೊದಲ ಬಾರಿಗೆ ನೋಡುತ್ತಿದ್ದ ತಾತ ಕುರ್ಚಿಯ ತುದಿಗೆ ಬಂದಿದ್ದರು. ತಡೆಯಲಾರದೆ ಕೈ ಎತ್ತಿದರು.

"ಗಂಡಸರನ್ನ ಕೇಳಿಲ್ಲ," ಎಂದರು ಅಜ್ಜಿ. "ಕುಂದರ್ರಿ."

ತಾತ ಕೈ ಇಳಿಸಿದರು.