ಗಂಡಿನ ಮನೆಗೆ ನಡೆದೇ ಹೋದದ್ದು

ಅನುಮಾನ ಪಡಲು ನನಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಯಾರಾದರೂ ಸಲೀಸಾಗಿ ಒಪ್ಪಿಕೊಂಡರೆ ಸಾಕು. ನ್ಯಾಮತಿಯ ನಮ್ಮ ಬಟ್ಟೆ ಅಂಗಡಿಯಲ್ಲಿ ಚೌಕಾಸಿ ಮಾಡದೆ ಸೀರೆ ಕೊಳ್ಳುವವರನ್ನು ಬಾಗಿಲು ದಾಟುವವರೆಗೂ ನೋಡುತ್ತಿರುತ್ತೇನೆ. ಹಾಗಿರುವಾಗ ಶ್ರೀರಂಗಪಟ್ಟಣದ ಗಂಡಿನ ಕಡೆಯವರು ನನ್ನ ತಂಗಿಯನ್ನು ಒಂದೇ ಸಲ ನೋಡಿ ಒಪ್ಪಿಬಿಟ್ಟದ್ದು ನನಗೆ ಹೇಗೆ ಸರಿ ಕಂಡೀತು?

ತಂಗಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅವಳ ಎಡಗಾಲಿನಲ್ಲಿ ರಾಡ್ ಇದೆ. ಮೂರು ವರ್ಷದ ಹಿಂದೆ ಹೊನ್ನಾಳಿಯಿಂದ ಬರುವಾಗ ರಸ್ತೆಯ ಹಂಪ್ ಕಾಣದೆ ಸ್ಕೂಟರ್ ಬಿತ್ತು. ಓಡಿಸುತ್ತಿದ್ದವಳು ನಾನು, ಮುರಿದದ್ದು ಅವಳ ಕಾಲು. ಈಗ ಚೆನ್ನಾಗಿಯೇ ನಡೆಯುತ್ತಾಳೆ. ಒಂದೆರಡು ಕಿಲೋಮೀಟರ್ ಆದ ಮೇಲೆ ಮಾತ್ರ ಕಾಲು ಎಳೆಯುತ್ತದೆ. ಜಗಳೂರಿನ ತವರಿನಲ್ಲಿ ಅಪ್ಪ ಅವ್ವ ಇಲ್ಲ, ಅವಳ ಮದುವೆ ನನ್ನ ಹೆಗಲ ಮೇಲೆ. ಚನ್ನಗಿರಿಯಿಂದ ಒಂದು ಸಂಬಂಧ, ಸೊಕ್ಕೆಯಿಂದ ಇನ್ನೊಂದು ಬಂದಿದ್ದವು. ಎರಡು ಕಡೆಗೂ ಕಾಲಿನ ಸಂಗತಿ ನೆಟ್ಟಗೆ ಹೇಳಿದೆ. "ಊರಿಗೋಗಿ ಫೋನ್ ಮಾಡ್ತೀವ್ರೀ" ಎಂದು ಹೋದವರ ಫೋನು ಇವತ್ತಿಗೂ ಬಂದಿಲ್ಲ. ಆದ್ದರಿಂದ ಮೂರನೆಯವರ ಮುಂದೆ ನಾನು ಬಾಯಿ ಬಿಡಲಿಲ್ಲ. ನೀನೂ ಬಾಯಿ ಬಿಡಬೇಡ ಎಂದು ತಂಗಿಗೆ ತಾಕೀತು ಮಾಡಿದ್ದೆ.

ಆ ಮನೆಯವರು ಮೂಲದಲ್ಲಿ ಹೊನ್ನಾಳಿಯವರೇ. ಹುಡುಗನ ತಂದೆ ನೌಕರಿಗೆಂದು ಆ ಕಡೆ ಹೋಗಿ ನೆಲೆ ನಿಂತರಂತೆ. ಈಗ ಅವರಿಲ್ಲ, ಹುಡುಗ, ಅವನ ತಾಯಿ ಇಬ್ಬರೇ. ನಮ್ಮಲ್ಲಿ ಗಂಡಿನ ಮನೆ ನೋಡಲು ಹೆಣ್ಣಿನ ಕಡೆಯ ಹಿರಿಯರು ಹೋಗುತ್ತಾರೆ, ಹೆಣ್ಣು ಹೋಗುವುದಿಲ್ಲ. ಆದರೆ ಆ ತಾಯಿ ಫೋನಿನಲ್ಲಿ, "ಹುಡುಗೀನೂ ಕರ್ಕೊಂಬರ್ರಿ. ಇಲ್ಲಿ ಬಾಳೋಳು ಅವ್ಳೇ ಅಲ್ಲೇನ್ರೀ?" ಎಂದರು. ಫೋನಿಟ್ಟು ನನ್ನ ಗಂಡನಿಗೆ, "ಇದ್ರಾಗೆ ಏನೋ ಐತೆ" ಎಂದೆ.

"ನಿಂಗೆ ಎಲ್ಲದ್ರಾಗೂ ಏನೋ ಐತೆ" ಎಂದು ಅವರು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು. ಕೊನೆಗೆ ಹೊರಟವರು ಅಕ್ಕತಂಗಿ ಇಬ್ಬರೇ.

ಶ್ರೀರಂಗಪಟ್ಟಣದ ಸ್ಟೇಷನ್ನಿನ ಹೊರಗೆ ತಾಯಿ ಮಗ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಮನೆ ಇರುವುದು ಗಂಜಾಂನಲ್ಲಿ, ಊರಿನ ಆ ತುದಿಗೆ. ತಾಯಿ ನೇರವಾಗಿ ಬಂದು ತಂಗಿಯ ಕೈ ಹಿಡಿದು ಆಟೋ ಹತ್ತಿಸಲು ಹೋದರು. ಮೊದಲು ಅವಳನ್ನೇ ಯಾಕೆ? ಹತ್ತಿದರೆ ನಡೆಯಲಾರಳು ಎಂದು ನಾವೇ ಒಪ್ಪಿಕೊಂಡಂತೆ.

"ಆಟೋ ಯಾಕ್ರೀ? ನಡ್ಕೊಂಡೇ ಹೋಗಾಣ, ಊರು ನೋಡಿದಂಗೂ ಆಗ್ತೈತೆ. ನಾವು ನಡೆಯೋ ಮಂದಿ" ಎಂದೆ. ತಾಯಿ ಮಗ ಮುಖ ಮುಖ ನೋಡಿಕೊಂಡರು. ಆ ನೋಟವನ್ನು ನಾನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡೆ. ತಂಗಿ ನಡೆಯತೊಡಗಿದಳು.

ಕೋಟೆಯೊಳಗೆ ಹಳೆಯ ಅರಮನೆಯೊಂದು ಇದ್ದ ಜಾಗ ಸಿಕ್ಕಿತು. ಅರಮನೆಯೇನೂ ಉಳಿದಿಲ್ಲ, ಕಲ್ಲಿನ ಅಡಿಪಾಯ, ಹುಲ್ಲು, ಒಂದು ಬೋರ್ಡು. ಹುಡುಗ ಬೋರ್ಡಿನಲ್ಲಿದ್ದದ್ದನ್ನು ನಿಧಾನವಾಗಿ ಓದಿ ಹೇಳಿದ. ನಮಗೂ ಓದು ಬರುತ್ತದಪ್ಪಾ ಎಂದುಕೊಂಡೆ. ಇಷ್ಟು ಹೊತ್ತು ಯಾಕೆ ನಿಲ್ಲಿಸುತ್ತಾನೆ? ಅವಳು ಯಾವ ಕಾಲಿನ ಮೇಲೆ ಭಾರ ಹಾಕುತ್ತಾಳೆ ಎಂದು ನೋಡಲಿಕ್ಕೋ? ಅಷ್ಟರಲ್ಲಿ ತಾಯಿ ಒಂದು ಕಲ್ಲಿನ ಮೇಲೆ ಕೂತು, "ನನ್ನ ಮಂಡಿ ಮಾತು ಕೇಳಂಗಿಲ್ಲ ನೋಡ್ರೀ, ಐದು ನಿಮಿಷ ಕೂತ್ಕಳಾಣ" ಎಂದರು. ತಂಗಿ ಪಕ್ಕದಲ್ಲಿ ಕೂರಲು ಹೋದಳು. ನಾನು ಅವಳ ಮೊಣಕೈ ಹಿಡಿದು, "ಬಾರೇ, ಆ ಕಡೆ ಏನೈತೆ ನೋಡಾಣ" ಎಂದು ಎಳೆದುಕೊಂಡು ಹೋದೆ. ಆ ಕಡೆಯೂ ಹುಲ್ಲೇ ಇತ್ತು.

ಅಲ್ಲಿಂದ ಸುಲ್ತಾನರ ಕಾಲದ ಬೇಸಿಗೆ ಅರಮನೆಯವರೆಗೆ ಒಳ್ಳೆಯ ದೂರ. ಗೇಟಿನಿಂದ ಒಳಗೆ ತೋಟದ ಉದ್ದಕ್ಕೂ ಮತ್ತೆ ನಡೆಯಬೇಕು. ಗೋಡೆ ತುಂಬ ಯುದ್ಧದ ಚಿತ್ರಗಳು, ಆನೆ, ಕುದುರೆ, ಸಾಲು ಸಾಲು ಸಿಪಾಯಿಗಳು. ಎಲ್ಲರೂ ಚಿತ್ರ ನೋಡುತ್ತಿದ್ದರೆ ನಾನು ಆ ತಾಯಿಯನ್ನೇ ನೋಡುತ್ತಿದ್ದೆ. ಮಂಡಿ ಕೇಳುವುದಿಲ್ಲ ಎಂದವರು ಮೆಟ್ಟಿಲನ್ನು ಮೇಕೆಮರಿಯ ಹಾಗೆ ಹತ್ತಿದ್ದರು! ಸಿಕ್ಕಿಬಿದ್ದಿರಿ ಎಂದುಕೊಂಡೆ. ಮಂಡಿ ನೋವೆಲ್ಲ ಬರೀ ಸೋಗು. ಯಾರೋ ಪುಣ್ಯಾತ್ಮರು ಇವರ ಕಿವಿ ಊದಿದ್ದಾರೆ, ಕಾಲು ಪರೀಕ್ಷೆ ಮಾಡಲೆಂದೇ ಹುಡುಗಿಯನ್ನು ಕರೆಸಿಕೊಂಡಿದ್ದಾರೆ. ಹಾಗೆಂದು ಖಾತ್ರಿಯಾದ ಮೇಲೆ ನನಗೆ ಒಂದು ರೀತಿಯ ಹುರುಪೇ ಬಂತು. ಪರೀಕ್ಷೆಯಾದರೆ ಪಾಸಾಗಿ ತೋರಿಸುತ್ತೇವೆ ಎಂಬ ಹಟ.

ಹೊರಗೆ ಬಂದಾಗ ತಂಗಿಯ ಕಾಲು ಎಳೆಯಲು ಶುರುವಾಗಿತ್ತು. "ಈಗಾದ್ರೂ ಆಟೋ ಹತ್ತಾಣೇನ್ರೀ?" ಎಂದರು ತಾಯಿ. ಆ 'ಈಗಾದ್ರೂ' ನನ್ನನ್ನು ಚುಚ್ಚಿತು. ಅಲ್ಲೇ ಹತ್ತಿರದಲ್ಲಿ ಹಳೆಯ ಕಲ್ಲಿನ ಸೇತುವೆ ಇದೆ ಎಂದು ಹುಡುಗ ದಾರಿಯಲ್ಲಿ ಹೇಳಿದ್ದ.

"ಸೇತುವೆ ನೋಡ್ದೆ ಹೆಂಗ್ರೀ ಹೋಗೋದು?" ಎಂದೆ.

ತಂಗಿ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸರಿ ಮಾಡಿಕೊಂಡು ನಡೆದಳು.

ಕಲ್ಲಿನ ಕಂಬಗಳ ಮೇಲೆ ಕಲ್ಲನ್ನೇ ಹಾಸಿ ಕಟ್ಟಿದ ಸೇತುವೆ. ಕೆಳಗೆ ಕಾವೇರಿ ಬಂಡೆಗಳ ನಡುವೆ ಹರಿಯುತ್ತಿತ್ತು. ಅರ್ಧ ದಾರಿಗೆ ತಂಗಿ ನಿಂತುಬಿಟ್ಟಳು. ಹಣೆಯಲ್ಲಿ ಬೆವರು, ತುಟಿ ಕಚ್ಚಿಕೊಂಡಿದ್ದಳು. ಹುಡುಗ ಎಳನೀರು ತರುತ್ತೇನೆಂದು ವಾಪಸು ಓಡಿದ. ತಾಯಿ ನೀರು ನೋಡುವವರಂತೆ ಸ್ವಲ್ಪ ದೂರ ಸರಿದರು.

ನಾನು ಅವಳ ಕಿವಿಯ ಹತ್ತಿರ ಹೋಗಿ, "ಇನ್ನೊಂಚೂರು ತಡ್ಕಳೇ. ಅವ್ರಿಗೆ ಅನುಮಾನ ಬಂದೈತೆ" ಎಂದೆ.

"ಅನುಮಾನ ಎಲ್ಲಿಂದ ಬರ್ತೈತಕ್ಕ? ಅವ್ರಿಗೆ ಗೊತ್ತೈತೆ."

"ಯಾವನು ಹೇಳಿದ್ದು?"

"ನಾನೇ ಹೇಳ್ದೆ. ಅವ್ರು ನೋಡ್ಕೊಂಡು ಹೋದ ಮಾರನೇ ದಿನಾನೇ. ಎಕ್ಸ್‌ರೇ ಫೋಟೋನೂ ಕಳ್ಸಿದೀನಿ. ಆದ್ರೇನಂತೆ ಅಂದ್ರು."

ನನಗೆ ಮೈಯೆಲ್ಲ ಉರಿಯಿತು. "ಮತ್ತೆ ಇಷ್ಟು ದೂರ ಯಾಕೆ ನಡದ್ಯೇ? ಸ್ಟೇಷನ್ ಹತ್ರಾನೇ ಆಟೋ ಹತ್ತಾಕೆ ಏನಾಗಿತ್ತು ನಿಂಗೆ?"

ಅವಳು ಕಾಲು ನೀವಿಕೊಳ್ಳುತ್ತ ಹೇಳಿದಳು: "ನೀನು ನಡೆಯೋ ಮಂದಿ ಅಂದ್ಬಿಟ್ಟಿದ್ದೆ. ನಾನು ಆಟೋ ಹತ್ತಿದ್ರೆ ಅವ್ರ ಮುಂದೆ ನೀನು ಸುಳ್ಳು ಹೇಳಿದಂಗಾಗ್ತಿತ್ತು."

ಅವಳ ಕಾಲು ಮುರಿದ ದಿನ ಆಸ್ಪತ್ರೆಯಲ್ಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಆ ತಾಯಿಯ ಮಂಡಿ ಯಾಕೆ ಅಷ್ಟು ಬೇಕಾದಾಗ ನೋಯುತ್ತಿತ್ತು, ಹುಡುಗ ಬೋರ್ಡನ್ನು ಯಾಕೆ ಅಷ್ಟು ನಿಧಾನ ಓದಿದ ಎಂದು ಒಂದೊಂದಾಗಿ ತಿಳಿಯಿತು. ಬೆಳಗಿನಿಂದ ನಮ್ಮ ನಾಲ್ವರಲ್ಲಿ ಬಚ್ಚಿಟ್ಟುಕೊಂಡು ನಡೆದವಳು ನಾನೊಬ್ಬಳೇ.

ತಂಗಿಯನ್ನು ಸೇತುವೆಯ ಅಂಚಿನ ಕಲ್ಲಿಗೆ ಕೂರಿಸಿ ಆ ತಾಯಿಯ ಹತ್ತಿರ ಹೋದೆ. "ಒಂದು ಮಾತು ಮೊದ್ಲೇ ಹೇಳ್ಬೇಕಿತ್ರೀ" ಎಂದು ಶುರು ಮಾಡಿ ಸ್ಕೂಟರ್, ಹಂಪ್, ರಾಡ್ ಎಲ್ಲ ಹೇಳಿದೆ. ನಾನೇ ಓಡಿಸುತ್ತಿದ್ದೆ ಎಂಬುದನ್ನೂ ಹೇಳಿದೆ.

ಅವರು "ನಮಗೆ ಗೊತ್ತು" ಎನ್ನಲಿಲ್ಲ. ಮೊದಲ ಸಲ ಕೇಳುವವರ ಹಾಗೆ ನನ್ನ ಮುಖವನ್ನೇ ನೋಡುತ್ತ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ನನ್ನ ಕೈ ಹಿಡಿದು, "ಹೌದೇನ್ರೀ? ಯಾವ ಕಾಲ್ರೀ?" ಎಂದರು.

"ಎಡಗಾಲು" ಎನ್ನುವಷ್ಟರಲ್ಲಿ ನನಗೆ ಅಳು ಬಂದಿತ್ತು.