ಕತ್ತರಿಸಿದ ಹೌಸಿಂಗ್

ಪಾಣೆಮಂಗಳೂರಿನ ಲೋಕನಾಥ ಶೆಟ್ಟರು ಶಾರ್ಜಾದ ಗ್ಯಾರೇಜೊಂದರಲ್ಲಿ ಅರ್ಧ ಆಯುಷ್ಯ ರೋಟರಿ ಎಂಜಿನುಗಳನ್ನು ಬಿಚ್ಚಿ ಕಟ್ಟಿದವರು. ನಮ್ಮ ಕಡೆ ಅಂಥ ಎಂಜಿನನ್ನು ಕಂಡವರೇ ಕಡಿಮೆ. ಅದರಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್ ಇಲ್ಲ. ಹೌಸಿಂಗ್ ಎಂಬ ಅಗಲದ ಬಳೆಯಂಥ ಕವಚದೊಳಗೆ ಮೂರು ಮೂಲೆಯ ರೋಟರ್ ಸುತ್ತುತ್ತದೆ. ಮೂಲೆಗೊಂದು ತೆಳ್ಳಗಿನ ಸೀಲು, ಕವಚದ ಒಳಮೈಯನ್ನು ಸವರಿಕೊಂಡೇ ಓಡುತ್ತದೆ. ಆ ಒಳಮೈಗೆ ಕ್ರೋಮಿನ ಹೊದಿಕೆ. ಹೊದಿಕೆ ಎದ್ದರೆ ಸೀಲು ಹೋಯಿತು, ಸೀಲು ಹೋದರೆ ಎಂಜಿನ್ ಹೋಯಿತು.

ಅವರು ಶಾರ್ಜಾ ಬಿಟ್ಟದ್ದು ಹೇಸಿಗೆಯಿಂದ. ತಾವೇ ಗುಜರಿಗೆ ಎಸೆದಿದ್ದ ಹೌಸಿಂಗೊಂದು ಕೆಲವು ತಿಂಗಳ ಮೇಲೆ ಉಜ್ಜಿಸಿಕೊಂಡು, ಹೊಸ ಪೆಟ್ಟಿಗೆಯಲ್ಲಿ ಕುಳಿತು, ಹೊಸ ಮಾಲೆಂದು ಅವರ ಮೇಜಿಗೇ ಬಂದಿತ್ತು. ಕೇಳಿದರೆ ಮಾಲೀಕ ನಕ್ಕ. ಊರಿಗೆ ಬಂದು ಸೇತುವೆಯ ಹತ್ತಿರ ಸಣ್ಣ ವರ್ಕ್‌ಶಾಪ್ ತೆರೆದರು.

ಹೋದ ವರ್ಷ ಅಕ್ಕನ ಮಗ ಲತೇಶ್ ಒಂದು ರೋಟರಿ ಎಂಜಿನನ್ನು ಪಿಕಪ್‌ನಲ್ಲಿ ತಂದಿಳಿಸಿದ. ಮೂಡುಬಿದಿರೆಯಲ್ಲಿ ಅವನದು ಹೋಟೆಲು. ಹಳೆಯ ಜಪಾನಿ ಕಾರೊಂದನ್ನು ಎಲ್ಲಿಂದಲೋ ಕೊಂಡಿದ್ದ.

"ಇದನ್ನು ಕಟ್ಟುವುದಾದ್ರೆ ನೀವೇ, ಮಾವ," ಎಂದ.

ಲೋಕನಾಥರಿಗೂ ಆಸೆಯಾಯಿತು. ಆದರೆ ಬೋಲ್ಟು ಸಡಿಲಿಸಿದ ಕೂಡಲೇ ಹುಳಿತ ಮಜ್ಜಿಗೆಯಂಥದ್ದು ಬೆಂಚಿನ ಮೇಲೆ ಹರಿಯಿತು. ಎಣ್ಣೆಗೆ ನೀರು ಬೆರೆತಿತ್ತು. ಸುಟ್ಟ ರಬ್ಬರಿನ ವಾಸನೆ ಎದ್ದಿತು. ಮೊದಲು ಕಟ್ಟಿದವನು ಗ್ಯಾಸ್ಕೆಟ್ ಅಂಟನ್ನು ಸಿಕ್ಕಸಿಕ್ಕಲ್ಲಿ ಮೆತ್ತಿದ್ದ.

ಆದರೂ ಒಂದೊಂದನ್ನೇ ತೊಳೆದು ನೋಡಿದರು. ಶಾಫ್ಟ್ ಚೆನ್ನಾಗಿತ್ತು. ರೋಟರಿನ ಸೀಲು ಕೂರುವ ಸಂದುಗಳು ಅಗಲವಾಗಿರಲಿಲ್ಲ. ಕವಚವನ್ನು ಪಕ್ಕದಿಂದ ಮುಚ್ಚುವ ಪ್ಲೇಟುಗಳಲ್ಲಿ ಸವೆತವಿತ್ತು. ಉಗುರು ಹಾಯಿಸಿದರೆ ಸಿಕ್ಕಿಕೊಳ್ಳಲಿಲ್ಲ, ಗೇಜಿನಲ್ಲೂ ಮಿತಿಯೊಳಗೇ ಇತ್ತು. ಎರಡು ರೋಟರಿಗೆ ಎರಡು ಹೌಸಿಂಗು; ಅವುಗಳಲ್ಲಿ ಒಂದು ಪರವಾಗಿಲ್ಲ.

ಇನ್ನೊಂದರಲ್ಲಿ ಕ್ರೋಮು ಹಪ್ಪಳದಂತೆ ಎದ್ದಿತ್ತು. ಎದ್ದ ಕಡೆ ಯಾರೋ ಲೋಹದ ಬಣ್ಣದ ಅಂಟು ತುಂಬಿ, ಎಮರಿ ಕಾಗದದಿಂದ ನುಣ್ಣಗೆ ತಿಕ್ಕಿದ್ದರು. ಸ್ಕ್ರೂಡ್ರೈವರಿನ ತುದಿ ತಾಗಿಸಿದರೆ ಕಜ್ಜಿಯ ಹಕ್ಕಳೆಯಂತೆ ಕಿತ್ತು ಬಂತು. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಕೂದಲೆಳೆಯ ಬಿರುಕೂ ಹೊರಟಿತ್ತು.

"ಉಳಿದದ್ದೆಲ್ಲ ಆಗ್ತದೆ. ಇದೊಂದು ಆಗುವುದಿಲ್ಲ," ಎಂದರು ಲತೇಶನಿಗೆ. "ಬೇರೆ ತರಿಸುವ. ಸೀಲುಗಳೂ ಹೊಸತೇ ಬೇಕು."

"ಅಷ್ಟೆಲ್ಲ ಬೇಡ ಮಾವ. ಅಂಟು ಹಾಕಿ ಇದನ್ನೇ ಕೂರಿಸಿ. ಕಾರು ಮಾರುವುದು, ಬೆಳ್ತಂಗಡಿಯ ಭೋಜ ನೋಡ್ಲಿಕ್ಕೆ ಬರ್ತಾನೆ. ಅವನೆದುರು ಒಂದು ಸಲ ಸ್ಟಾರ್ಟ್ ಆದ್ರೆ ಸಾಕು."

"ಅವನು ಅದರಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಿದ್ರೆ?"

"ಅದು ಅವನ ಹಣೆಬರಹ. ನೀವು ಮಾಡದಿದ್ರೆ ಮಾಡುವವರು ಬೇರೆ ಇದ್ದಾರೆ."

ಮಾತಾಡುತ್ತಲೇ ಅವನು ಮೊಬೈಲಿನಲ್ಲಿ ಏನೋ ನೋಡುತ್ತಿದ್ದ. ಲೋಕನಾಥರಿಗೆ ಶಾರ್ಜಾದ ಮಾಲೀಕನೇ ಎದುರು ನಿಂತಂತಾಯಿತು. ಈ ಸಲ ತಮ್ಮದೇ ಅಕ್ಕನ ಮೂಗು, ಅಕ್ಕನ ಹುಬ್ಬು ಇಟ್ಟುಕೊಂಡು. ಅವರು ಹೌಸಿಂಗನ್ನು ಬೆಂಚಿನ ವೈಸಿನ ದವಡೆಗೆ ಬಿಗಿದರು, ಗ್ರೈಂಡರ್ ಹಿಡಿದರು. ಲತೇಶ್ ತಲೆಯೆತ್ತುವಷ್ಟರಲ್ಲಿ ಚಕ್ರ ಅಲ್ಯೂಮಿನಿಯಮ್ಮಿನೊಳಗೆ ಅರ್ಧ ಇಳಿದಿತ್ತು. ಅವನು ಕೂಗುತ್ತಿದ್ದುದು ಸದ್ದಿನಲ್ಲಿ ಕೇಳಲಿಲ್ಲ. ಎರಡು ತುಂಡಾದ ಮೇಲೆಯೇ ಗ್ರೈಂಡರ್ ನಿಂತಿತು.

ಆ ಮಧ್ಯಾಹ್ನ ಅಕ್ಕ ಸ್ವರ್ಣಲತಾ ಫೋನ್ ಮಾಡಿದರು.

"ಅದು ಅವನ ವಸ್ತು. ಕತ್ತರಿಸ್ಲಿಕ್ಕೆ ನಿನಗೆ ಎಂತ ಹಕ್ಕುಂಟು?"

"ಹಕ್ಕಿಲ್ಲ ಅಕ್ಕ."

"ಮತ್ತೆ ಯಾಕೆ ಮಾಡಿದ್ದು?"

"ಹೇಸಿಗೆ ಆಯ್ತು."

ಅಕ್ಕ ಫೋನ್ ಇಟ್ಟರು.

ಭೋಜನಿಗಾದರೂ ಒಳ್ಳೆಯದು ಮಾಡಿದೆನಲ್ಲ ಎಂಬ ಸಮಾಧಾನ ಲೋಕನಾಥರಿಗಿತ್ತು. ಒಂದು ದಿನ ಭೋಜನೇ ವರ್ಕ್‌ಶಾಪಿಗೆ ಬಂದ. ತುಂಡುಗಳನ್ನು ತಿರುಗಿಸಿ ನೋಡಿ ಲೊಚಗುಟ್ಟಿದ.

"ಹಾಳು ಮಾಡಿಬಿಟ್ರಲ್ಲ ಮಾರಾಯ್ರೇ. ನಾನೇನು ಇಟ್ಟುಕೊಳ್ಳುವವನಾ? ಕಾಸರಗೋಡಿನಲ್ಲಿ ಒಬ್ಬನಿಗೆ ದಾಟಿಸ್ಲಿಕ್ಕಿತ್ತು. ಅಲ್ಲಿವರೆಗೆ ಓಡಿದ್ರೆ ಸಾಕಿತ್ತು."

ಲೋಕನಾಥರು ಅವನು ಹೊರಗೆ ಹೋಗುವ ತನಕ ಕಾದು, ಅವನು ಮುಟ್ಟಿದ್ದ ಬೆಂಚನ್ನು ಸೀಮೆಎಣ್ಣೆ ಹಾಕಿ ಒರೆಸಿದರು.

ಶಾಫ್ಟು, ರೋಟರು, ಪ್ಲೇಟು, ಉಳಿದ ಹೌಸಿಂಗಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ ಅವರು ಮೂಡುಬಿದಿರೆಗೆ ಕಳುಹಿಸಿದರು. ಲತೇಶ್ ಅವನ್ನು ಬಿಡಿಬಿಡಿಯಾಗಿ ಮಾರಿದನಂತೆ. ಈಚೆಗೆ ಅವನ ಮನೆಯ ಪೂಜೆಗೆ ಲೋಕನಾಥರಿಗೆ ಹೇಳಿಕೆ ಬರಲಿಲ್ಲ. ಅಕ್ಕ ಮಾತ್ರ ಮರುದಿನ ಬಸ್ಸಿನಲ್ಲಿ ಪೂಜೆಯ ಪಾಯಸ ತಂದು, ವರ್ಕ್‌ಶಾಪಿನ ಸ್ಟೂಲಿನ ಮೇಲೆ ಕುಳಿತು, ತಮ್ಮ ತಿನ್ನುವವರೆಗೂ ಎದ್ದುಹೋಗಲಿಲ್ಲ.