‘ಒಳ್ಳೆಯದು’ ಎಂದು ಬರೆದ ನಳಿಕೆ

“ಬಲೆಯ ಸಿಕ್ಕು ಬಿಡಿಸುವ ಕೈಗೆ ಎಂತ ಡಿಗ್ರಿ ಮಾರಾಯ್ತಿ? ಕಡಲು ಬತ್ತಿದ ಮೇಲೆ ನೋಡುವ” ಎಂದವರು ನನ್ನ ದೊಡ್ಡಪ್ಪ. ಕುದ್ರೋಳಿಯ ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಬೆಳಿಗ್ಗೆ ಅಮ್ಮನೊಡನೆ ಮೀನು ಮಾರಿ, ಕೈಗೆ ನಿಂಬೆಸಿಪ್ಪೆ ಉಜ್ಜಿಕೊಂಡು ಬಸ್ಸು ಹತ್ತುತ್ತ ನಾನು ಎಂ.ಎಸ್ಸಿ.ವರೆಗೆ ಬಂದೆ.

ಕೊನೆಯ ವರ್ಷದ ಕೆಲಸ ಹಾವಿನ ವಿಷದ್ದು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಕಿಣ್ವ ಕೊಳಕುಮಂಡಲದ ವಿಷದಲ್ಲಿ ಇದೆಯೇ ಎಂದು ಅದರ ವಂಶವಾಹಿಯ ಅಕ್ಷರಸಾಲು ಓದಿ ಹುಡುಕಬೇಕಿತ್ತು. ಪ್ರಯೋಗಾಲಯದ ಫ್ರೀಜರಿನಲ್ಲಿ ಸತ್ತ ಎರಡು ಹಾವುಗಳ ವಿಷಗ್ರಂಥಿಯ ಚೂರುಗಳಿದ್ದವು. ಒಂದು ಕೊಳಕುಮಂಡಲದ್ದು, ಇನ್ನೊಂದು ನಾಗರನದ್ದು. ನಾಗರನ ಹೆಸರು ಹೇಳುವ ಕ್ರಮ ನಮ್ಮ ಮನೆಯಲ್ಲಿಲ್ಲ, ಕರೆದರೆ ಬರುತ್ತದೆ. ‘ಒಳ್ಳೆಯದು’ ಎನ್ನುತ್ತೇವೆ. ನಳಿಕೆಗೆ ಚೀಟಿ ಹಚ್ಚುವಾಗಲೂ ಕೈ ಹಾಗೆಯೇ ಬರೆಯಿತು. ಘಟ್ಟದ ಮೇಲಿನಿಂದ ಬಂದ ಸಹಪಾಠಿ ಅದನ್ನು ಓದಿ, ಇದೇ ಚೆನ್ನಾಗಿರುವ ಮಾದರಿ ಎಂದುಕೊಂಡು ಅಕ್ಷರಸಾಲು ಓದಿಸಲು ಅದನ್ನೇ ಕಳುಹಿಸಿಬಿಟ್ಟಳು.

ಫಲಿತಾಂಶ ತೆರೆದರೆ ಪರದೆಯ ತುಂಬ ನಾಗರ. ಕರೆಯದೆಯೇ ಬಂದಿತ್ತು.

ನನ್ನ ಕೆಲಸಕ್ಕೆ ಮಾರ್ಗದರ್ಶಕಿಯಾಗಿದ್ದ ಮೇಡಂ ಬಯ್ಯಲಿಲ್ಲ. ಮತ್ತೊಮ್ಮೆ ಕಳುಹಿಸಿದರೆ ವರ್ಷ ಕಳೆದುಹೋಗುತ್ತದೆ, ಇದರಲ್ಲೇ ಕಿಣ್ವ ಸಿಕ್ಕರೆ ಪದವಿ, ಇಲ್ಲದಿದ್ದರೆ ಇಲ್ಲ ಎಂದರು.

ಸಿಕ್ಕಿತು. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು ಹೊರಳಿ ಹೊರಳಿ ಹರಿಯುವ ಸಾಲಿನ ನಡುವೆ ಅದು ಸುಮ್ಮನೆ ಮಲಗಿತ್ತು. ಆ ತುಣುಕನ್ನು ಬ್ಯಾಕ್ಟೀರಿಯಾದೊಳಗೆ ಇಟ್ಟೆವು. ಹಾವಿಲ್ಲದೆಯೇ ಕಿಣ್ವ ತಯಾರಾಗತೊಡಗಿತು. ಪರೀಕ್ಷೆಗೆ ನನ್ನದೇ ರಕ್ತ ಕೊಟ್ಟೆ. ಗಾಜಿನ ಬಟ್ಟಲಿನಲ್ಲಿ ಅದು ಹೆಪ್ಪುಗಟ್ಟಿ ಕುಳಿತಿತ್ತು. ಕಿಣ್ವದ ಒಂದು ಹನಿ ಬಿಟ್ಟು ಕಾದೆ. ಮಟಮಟ ಮಧ್ಯಾಹ್ನ; ಹೊರಗೆ ಬಸ್ಸಿನ ಕಂಡಕ್ಟರ್ ಉರ್ವ, ಉರ್ವ ಎಂದು ಕೂಗುತ್ತಿದ್ದ. ಹೆಪ್ಪಿನ ನಡುವೆ ಸಣ್ಣ ತೂತು ಬಿತ್ತು. ಯಾರೋ ಅಡಿಯಿಂದ ನೆಕ್ಕುತ್ತಿರುವಂತೆ ಅದರ ಅಂಚು ಹಿಂದೆ ಹಿಂದೆ ಸರಿಯಿತು. ಎಂದೋ ಸತ್ತ ಜೀವದ ಬಾಯಿ ನನ್ನ ರಕ್ತದ ಮೇಲೆ ಕೆಲಸ ಮಾಡುತ್ತಿತ್ತು. ಗೆದ್ದೆ ಎಂದು ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬಟ್ಟಲನ್ನು ಮುಟ್ಟಿದ್ದ ಬೆರಳು ತಾನಾಗಿ ಹಿಂದಕ್ಕೆ ಬಂದಿತ್ತು.

ಘಟಿಕೋತ್ಸವ ಮುಗಿಸಿ ಬಂದು ಪ್ರಮಾಣಪತ್ರವನ್ನು ಅಮ್ಮನ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಇದಕ್ಕೆ ಎಂತ ಮಾಡಿದ್ದು ಎಂದು ಕೇಳಿದಳು. ರಕ್ತ ಕೊಟ್ಟದ್ದು, ಅದು ಕರಗಿದ್ದು, ಎಲ್ಲ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ನನ್ನ ಪಾದಗಳನ್ನೇ ನೋಡಿದಳು.

“ಆ ಒಳ್ಳೆಯದಕ್ಕೆ ನಿನ್ನ ರಕ್ತದ ಗುರ್ತ ಆಯ್ತಲ್ಲ ಮಗಾ. ಇನ್ನು ಎಲ್ಲಿ ಹೋದರೂ ನೋಡಿ ಕಾಲು ಇಡು.”